ಹೇಮಂತದಲ್ಲಿ ಬಚ್ಚಲಿನ ಕೊಳವಿಯ ರಕ್ಷಣೆ

ಮಾರ್ಗಶಿರ ಮಾಸವು ಕಾಲಿಟ್ಟಿತು. ದುರ್ಗದ ಬಂಡೆಗಳು ಬೆಳಗಿನ ಹೊತ್ತು ಕೈಯಿಟ್ಟರೆ ಕೊರೆಯುತ್ತವೆ. ಮನೆಮನೆಯಲ್ಲಿಯೂ ಕಂಬಳಿ ಹೊರಬಂದಿದೆ. ಕೊಬ್ಬರಿ ಎಣ್ಣೆಯ ಸೀಸೆ ಬಿಸಿಲಿಗೆ ಹೋಗಿದೆ. ಆ ಸೀಸೆಯ ವಿಷಯದಲ್ಲಿ ನಮಗಿರುವ ಎಚ್ಚರವು ಬಚ್ಚಲಿನ ಕೊಳವಿಯ ವಿಷಯದಲ್ಲಿ ಇಲ್ಲವಾದುದರಿಂದ, ಈ ತಿಂಗಳು ಅದನ್ನು ಕುರಿತೇ ನಾಲ್ಕು ಮಾತು ಬರೆಯುವೆನು.

ಲಡಾಖಿನಂಥ ಸೀಮೆಯಲ್ಲಿ ನೀರೇ ಮಂಜುಗಡ್ಡೆಯಾಗಿ ಹಿಗ್ಗಿ ಕೊಳವಿಯನ್ನು ಸೀಳುವುದುಂಟು. ನಮಗೆ ಆ ಭಯವಿಲ್ಲ. ಇಲ್ಲಿ ಹೆಪ್ಪುಗಟ್ಟತಕ್ಕದ್ದು ಜಿಡ್ಡು. ಕೊಬ್ಬರಿ ಎಣ್ಣೆಯು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಗಟ್ಟಿಯಾಗುವುದು; ತುಪ್ಪವು ಅದಕ್ಕೂ ಮೊದಲೇ. ಬಿಸಿನೀರಿನೊಡನೆ ಹರಿದ ಜಿಡ್ಡು ನಾಲ್ಕು ಮಾರು ಹೋಗಿ ತಣ್ಣಗಾಗಿ ಕೊಳವಿಯ ಒಳಮೈಗೆ ಅಂಟುತ್ತದೆ. ಅನ್ನದ ಅಗುಳು, ಕಾಫಿಯ ಚರಟ, ತಲೆಗೂದಲು ಅದಕ್ಕೆ ಸೇರಿದರೆ ದಾರಿ ಮುಚ್ಚಿತೆಂದೇ ತಿಳಿಯಬೇಕು.

ಭೂಮಿಯಿಂದಲೂ ಬಾಧೆಯುಂಟು. ಮಳೆಗಾಲ ಕಳೆದ ಮೇಲೆ ಹಿರಿಯೂರು ಕಡೆಯ ಎರೆಮಣ್ಣು ಒಣಗಿ ಬಿರಿಯುವಾಗ ಕೊಳವಿಯ ಸಂದುಗಳು ಸಡಿಲವಾಗಬಹುದು. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹಿತ್ತಲಿನ ತೆಂಗಿನ ಬೇರುಗಳು ತೇವವನ್ನರಸಿ ಅಂಥ ಸಂದುಗಳಲ್ಲಿಯೇ ನುಗ್ಗುವುವು.

ಐದು ವರ್ಷಗಳ ಹಿಂದೆ, ಮಾಘದ ಚಳಿಯಲ್ಲಿ, ನಮ್ಮ ಮನೆಯಲ್ಲಿ ಮೊಮ್ಮಗನ ನಾಮಕರಣ ನಡೆಯಿತು. ಕಜ್ಜಾಯ ಕರಿದ ಎಣ್ಣೆಯ ಮಡ್ಡಿಯೆಲ್ಲ ಬಚ್ಚಲಿಗೆ ಹೋಯಿತು. ಮೂರನೆಯ ದಿನ ಕೊಳಕು ನೀರು ಒಳಕ್ಕೇ ಉಕ್ಕಿತು. ಕರೆಸಿದ ಆಳು ಬಿದಿರುಗಳದಿಂದ ಚುಚ್ಚಿ ನೋಡಿ, “ಗುಂಡಿಗೆ ಇಳಿಯಬೇಕು ಸ್ವಾಮಿ” ಎಂದು ಮುಚ್ಚಳವನ್ನು ಸರಿಸಿದನು. ನಾನು ಕೂಲಿಯ ಮಾತನ್ನಾಡಿದೆನೇ ಹೊರತು ಬೇಡವೆನ್ನಲಿಲ್ಲ. ಅಷ್ಟರಲ್ಲಿ ಸೊಸೆಯು ಹೊರಬಂದು, “ಮಾವ, ಅವರನ್ನು ಇಳಿಸಬೇಡಿ. ಒಳಗಿನ ಗಾಳಿಗೆ ಪ್ರಾಣ ಹೋದೀತು” ಎಂದಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಅಂದು ಪಾಠವಾಯಿತು. ಹೀರುವ ಯಂತ್ರದ ಗಾಡಿಯನ್ನು ತರಿಸಿದೆವು.

ಅವಳ ಮಾತು ದಿಟ. ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವು ಮಿತಿಮೀರಿದಾಗ ಮೂಗಿಗೆ ವಾಸನೆಯೂ ತಿಳಿಯದು. ಇಳಿದವನು ಕ್ಷಣಮಾತ್ರದಲ್ಲಿ ಕುಸಿಯುವನು. ೧೯೭೦ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಬಂದಿತು. ರಕ್ಷಣಾ ಸಲಕರಣೆಗಳಿಲ್ಲದೆ ಗುಂಡಿಗೆ ಜನರನ್ನು ಇಳಿಸುವುದು ೨೦೧೩ರ ಕಾಯಿದೆಯಂತೆ ದಂಡನೀಯ. ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ ೩೦ ಲಕ್ಷ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಹೋದ ಜೀವವು ಹಣದಿಂದ ಬಂದೀತೇ?

ಆದುದರಿಂದ ಗೃಹಸ್ಥರು ಮಾಡತಕ್ಕುದಿಷ್ಟು. ಬಾಣಲೆ, ತುಪ್ಪದ ಗಿಂಡಿ, ದೋಸೆಯ ಹೆಂಚುಗಳನ್ನು ತೊಳೆಯುವ ಮುನ್ನ ಹಳೆಯ ಕಾಗದದಿಂದ ಒರಸಿ, ಅದನ್ನು ಕಸಕ್ಕೆ ಹಾಕಬೇಕು. ಕರಿದುಳಿದ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿಡಬೇಕು, ಬಚ್ಚಲಿಗೆ ಸುರಿಯಲಾಗದು. ಬಿಸಿನೀರು ಹೊಯ್ದರೆ ಸಾಕೆಂಬ ನಂಬಿಕೆ ತಪ್ಪು. ಅದರಿಂದ ಜಿಡ್ಡು ಇನ್ನಷ್ಟು ಮುಂದೆ ಹೋಗಿ ಕೈಗೆಟುಕದ ಕಡೆ ಗಟ್ಟಿಯಾಗುವುದು. ಬಚ್ಚಲ ಬಾಯಿಗೆ ಜಾಲರಿಯಿಟ್ಟು ದಿನವೂ ತೆಗೆದು ಕೊಡವಬೇಕು. ಆಸಿಡ್ಡನ್ನು ಸುರಿಯಬಾರದು: ಗುಂಡಿಯಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳು ಚಳಿಗೆ ಮೊದಲೇ ಮಂದವಾಗಿರುತ್ತವೆ, ಆಸಿಡ್ಡಿನಿಂದ ಸತ್ತೇ ಹೋಗುವುವು. ಅದು ಬ್ಲೀಚಿಂಗ್ ಪುಡಿಯೊಡನೆ ಕೂಡಿದರಂತೂ ಮನೆಯೊಳಗೇ ವಿಷವಾಯು ಏಳುವುದು. ಒಳಚರಂಡಿ ಬಾರದ ಬೀದಿಗಳಲ್ಲಿ ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದಲೇ ಗುಂಡಿಯನ್ನು ಬರಿದು ಮಾಡಿಸಬೇಕು. ನೀರು ನಿಧಾನವಾಗಿ ಇಳಿಯತೊಡಗಿದ ದಿನವೇ ಕೊಳಾಯಿ ಕೆಲಸದವರಿಗೆ ಹೇಳಿಕಳುಹಿಸಿದರೆ ಉದ್ದನೆಯ ತಂತಿಯಿಂದಲೇ ಕೆಲಸ ಮುಗಿದೀತು.

ಪತಂಜಲಿಯ ಐದು ನಿಯಮಗಳಲ್ಲಿ ಶೌಚವೇ ಮೊದಲನೆಯದು. ಆದರೆ ನಮ್ಮ ಮನೆ ಶುಚಿಯಾಗಲು ಪರರ ಮಗನೊಬ್ಬನು ಕತ್ತಲೆಯ ಗುಂಡಿಗೆ ಇಳಿಯಬೇಕಾದರೆ ಅದು ಶೌಚವೆನಿಸದು. ನಮ್ಮ ಮನೆಯಲ್ಲಿ ಈಗ ಬಾಣಲೆಯನ್ನು ಒರಸುವ ಕೆಲಸ ನನ್ನದು. ಮೊಮ್ಮಗನು ಪಕ್ಕದಲ್ಲಿ ಕುಳಿತು ಕಾಗದ ಹರಿದು ಕೊಡುವನು.