ಅಂದಾಜಿನಲ್ಲಿ ಗ್ಯಾಸ್ ತುಂಬಿಸುವುದು ನಿಲ್ಲಲಿ

ಕಾಡು, ತೋಟ, ಪಯಸ್ವಿನಿ ಹೊಳೆ ಎಲ್ಲವೂ ಹತ್ತಿರದಲ್ಲೇ ಇದ್ದರೂ ಸುಳ್ಯ ತಾಲ್ಲೂಕಿನ ಅರಂತೋಡಿನಲ್ಲಿ ಬೇಸಿಗೆಯ ಸೆಕೆ ತಡೆಯುವುದು ಕಷ್ಟವಾಗಿದೆ. 2025ರ ಫೆಬ್ರವರಿ ಮುಗಿಯುವ ಮೊದಲೇ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಹಂಚಿನ ಮಾಡು ಹೋಗಿ ತಾರಸಿ ಬಂದ ಮನೆಗಳಲ್ಲಿ ಕತ್ತಲಾದ ಮೇಲೂ ಗೋಡೆ ಕಾದೇ ಇರುತ್ತದೆ. ವಯಸ್ಸಾದವರು, ಬಾಣಂತಿ, ಎಳೆಮಕ್ಕಳು ಇರುವ ಮನೆಯವರು ಕಂತಿನಲ್ಲಾದರೂ ಒಂದು ಎಸಿ ಹಾಕಿಸುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ತಪ್ಪು ಇರುವುದು ಹಾಕಿಸುವ ಕ್ರಮದಲ್ಲಿ.

ಹೊಸ ಸ್ಪ್ಲಿಟ್ ಎಸಿಯ ಔಟ್‌ಡೋರ್ ಯೂನಿಟ್‌ಗೆ ಕಾರ್ಖಾನೆಯಲ್ಲೇ ಗ್ಯಾಸ್ ತುಂಬಿಸಿರುತ್ತಾರೆ. ಎಷ್ಟು ಗ್ರಾಂ, ಯಾವ ಗ್ಯಾಸ್ ಎಂಬುದು ಅದರ ಮೈಮೇಲಿನ ಚೀಟಿಯಲ್ಲೇ ಇರುತ್ತದೆ. ಆದರೆ ಜೋಡಿಸುವಾಗ ಒಳಗಿನ ಯೂನಿಟ್‌ಗೆ, ತಾಮ್ರದ ಪೈಪಿಗೆ ಸೇರುವುದು ನಮ್ಮೂರ ಗಾಳಿ. 30 ಡಿಗ್ರಿ ಬಿಸಿ, ಶೇ 90ರಷ್ಟು ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 27 ಗ್ರಾಂ ನೀರಿನ ಆವಿ ಇರುತ್ತದೆ. ಆರ್-32, ಆರ್-410ಎ ಗ್ಯಾಸ್‌ಗಳ ಜೊತೆ ಕಂಪ್ರೆಸರ್‌ನಲ್ಲಿ ಬಳಸುವ ಎಣ್ಣೆ ತೇವವನ್ನು ಬೇಗ ಹೀರುತ್ತದೆ. ತೇವ ಸೇರಿದ ಎಣ್ಣೆಯಲ್ಲಿ ಆಮ್ಲ ಹುಟ್ಟಿ, ಮೋಟಾರಿನ ವೈಂಡಿಂಗ್ ನಿಧಾನವಾಗಿ ಹಾಳಾಗುತ್ತದೆ. ಮಳೆಗಾಲದಲ್ಲಿ ಬಾಯಿ ಮುಚ್ಚದೆ ಜಗಲಿಯಲ್ಲಿ ಬಿಟ್ಟ ಪೈಪಿನ ಕಥೆ ಹೇಳುವುದೇ ಬೇಡ.

ಈ ಗಾಳಿಯನ್ನು, ತೇವವನ್ನು ಹೊರಗೆಳೆಯಲೆಂದೇ ವ್ಯಾಕ್ಯೂಮ್ ಪಂಪ್ ಇರುವುದು. ಪೈಪ್ ಜೋಡಿಸಿದ ಮೇಲೆ ಒಣ ನೈಟ್ರೋಜನ್ ಹಾಕಿ ಸೋರಿಕೆ ನೋಡಬೇಕು. ಆಮೇಲೆ ಪಂಪ್ ಓಡಿಸಿ ಒಳಗಿನ ಒತ್ತಡವನ್ನು ಗೇಜಿನಲ್ಲಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಬೇಕು. ಅಂಕಿ ಮೇಲೇರುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ತೇವ ಉಳಿದಿದೆ ಎಂದರ್ಥ. ನಿಂತಲ್ಲೇ ನಿಂತರೆ ಮಾತ್ರ ಔಟ್‌ಡೋರ್‌ನ ವಾಲ್ವ್ ತೆರೆಯಬಹುದು. ಪೈಪ್ ಕಂಪನಿ ಹೇಳಿದ್ದಕ್ಕಿಂತ ಉದ್ದವಾಗಿದ್ದರೆ, ಹೆಚ್ಚಿನ ಪ್ರತಿ ಮೀಟರಿಗೆ ಕೈಪಿಡಿಯಲ್ಲಿ ಹೇಳಿದಷ್ಟೇ ಗ್ರಾಂ ಗ್ಯಾಸನ್ನು ಸಿಲಿಂಡರ್ ತಕ್ಕಡಿಯ ಮೇಲಿಟ್ಟು ತೂಗಿ ಸೇರಿಸಬೇಕು.

ಅವಸರದ ದಾರಿ ಬೇರೆಯೇ ಇದೆ. ಔಟ್‌ಡೋರ್‌ನ ಸಣ್ಣ ವಾಲ್ವನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸುತ್ತಾರೆ. ಇನ್ನೊಂದು ಕಡೆಯ ನಟ್ ಸಡಿಲಿಸುತ್ತಾರೆ. ‘ಸುಂಯ್’ ಎಂದು ಗ್ಯಾಸ್ ಬಂದೊಡನೆ ನಟ್ ಬಿಗಿ ಮಾಡುತ್ತಾರೆ. ಪೈಪಿನೊಳಗಿನ ಗಾಳಿಯೆಲ್ಲ ಹೋಯಿತು ಎಂಬ ನಂಬಿಕೆ. ಗಾಳಿ ಪೂರ್ತಿ ಹೋಗುವುದಿಲ್ಲ, ಪೈಪಿನ ಗೋಡೆಗೆ ಅಂಟಿದ ತೇವವಂತೂ ಹೋಗುವುದೇ ಇಲ್ಲ. ಖರ್ಚಾದ ಗ್ಯಾಸಿನ ಲೆಕ್ಕವೂ ಇಲ್ಲ. ಪೈಪಿಗೆ ಮಂಜು ಕಟ್ಟಿತೇ, ಕೈಗೆ ತಣ್ಣಗಾಯಿತೇ ಎಂದು ನೋಡಿ ಅಂದಾಜಿನಲ್ಲಿ ತುಂಬಿಸುವುದೂ ಇದೇ ಜಾತಿಯ ಕೆಲಸ.

ಹಳೆಯ ಆರ್-22 ಗ್ಯಾಸಿನ ಕಾಲದಲ್ಲಿ ಹೀಗೆ ಹೊರಬಿಟ್ಟ ಗ್ಯಾಸಿನಿಂದ ಓಝೋನ್ ಪದರಕ್ಕೆ ಪೆಟ್ಟು ಬೀಳುತ್ತಿತ್ತು. ಈಗ ಹೆಚ್ಚಾಗಿ ಬರುವ ಆರ್-32 ಓಝೋನಿಗೆ ತೊಂದರೆ ಕೊಡದು. ಆದರೆ ಅದು ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳುವ ಗ್ಯಾಸ್. ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಕೂರುತ್ತದೆ, ಬೆಂಕಿ ತಾಗಿದರೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಉಂಟಾಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ದೀಪವೋ ಬೀಡಿಯೋ ಉರಿಯುತ್ತಿರುವಾಗ ಮಾಡುವ ಕೆಲಸ ಇದಲ್ಲ. ಆರ್-32ರ ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಹಳೆಯ ಗೇಜು, ಹಳೆಯ ಹೋಸು ಅದಕ್ಕೆ ಸಾಲದು. ಇನ್ನೊಂದು ಗ್ಯಾಸ್ ಆರ್-290, ಎಂದರೆ ಪ್ರೊಪೇನ್, ಸುಲಭವಾಗಿ ಉರಿಯುವಂಥದ್ದು. ಅದಕ್ಕೆಂದೇ ತಯಾರಾದ ಯಂತ್ರದಲ್ಲಿ ಅದು ಒಳ್ಳೆಯ ಗ್ಯಾಸೇ. ಅದನ್ನು ಹಳೆಯ ಆರ್-22 ಯಂತ್ರಕ್ಕೆ ತುಂಬಿಸುವುದು ಅಪಾಯ.

ಇನ್ನೂ ಎರಡು ತಪ್ಪು ಮೆಕ್ಯಾನಿಕ್‌ನ ಜೀವಕ್ಕೇ ಕುತ್ತು ತರುತ್ತವೆ. ಪೈಪ್ ಬೆಸೆಯಲು (ಬ್ರೇಜಿಂಗ್) ತಂದ ಆಕ್ಸಿಜನ್ ಸಿಲಿಂಡರ್ ಕೈಗೆ ಸಿಗುತ್ತದೆಂದು ಅದರಿಂದಲೇ ಸೋರಿಕೆ ಪರೀಕ್ಷೆ ಮಾಡುವುದು ಒಂದು. ಒತ್ತಡದ ಆಕ್ಸಿಜನ್ ಮತ್ತು ಎಣ್ಣೆ ಸೇರಿದರೆ ಸ್ಫೋಟವಾಗಬಹುದು. ಎರಡನೆಯದು, ಎಸಿ ಬಿಚ್ಚಿ ಬೇರೆಡೆ ಸಾಗಿಸುವಾಗ ಗ್ಯಾಸನ್ನು ಔಟ್‌ಡೋರ್‌ಗೆ ಎಳೆಯುವ ಹಂತದಲ್ಲಿ ಪೈಪ್ ತೆರೆದು, ಓಡುತ್ತಿರುವ ಕಂಪ್ರೆಸರ್ ಗಾಳಿ ಕುಡಿಯುವಂತೆ ಮಾಡುವುದು. ಗಾಳಿ, ಎಣ್ಣೆಯ ಆವಿ, ಒತ್ತಡದ ಬಿಸಿ ಒಂದಾದಾಗ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಒಳಗೇ ಹೊತ್ತಿಕೊಂಡು ಕಂಪ್ರೆಸರ್ ಒಡೆಯಬಹುದು. ಜಪಾನಿನಲ್ಲಿ ಇಂಥ ಅಪಘಾತಗಳನ್ನು ಅಧ್ಯಯನ ಮಾಡಿ ಎಚ್ಚರಿಕೆ ಹೊರಡಿಸಿದ್ದಾರೆ.

ಅರಂತೋಡಿನಂಥ ರಬ್ಬರ್ ಊರಿಗೆ ಇನ್ನೊಂದು ಮಾತು. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಸಿಡ್‌ನ ಆವಿ ತಾಮ್ರಕ್ಕೆ ಆಗುವುದಿಲ್ಲ. ತೇವವೂ ಜೊತೆಗಿದ್ದರೆ ಪೈಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ಶೀಟ್ ಮಾಡುವ ಶೆಡ್ಡಿನ ಪಕ್ಕ ಔಟ್‌ಡೋರ್ ಯೂನಿಟ್ ಇಡದಿರುವುದು ಒಳ್ಳೆಯದು.

‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು’ ಎಂಬ ಮಾತನ್ನು ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಸೋರಿದೆ. ಸೋರಿಕೆ ಹುಡುಕದೆ ಮತ್ತೆ ತುಂಬಿಸಿದರೆ ಮನೆಯವರ ದುಡ್ಡೂ ಹೋಯಿತು, ಹವೆಯೂ ಕೆಟ್ಟಿತು. ಒಂದು ಕಿಲೋ ಆರ್-32 ಗಾಳಿಗೆ ಸೇರಿದರೆ 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಬಿಸಿಯಾಗುತ್ತದೆ. ಆರ್-410ಎ ಆದರೆ 2,088 ಕಿಲೋ. ಇಂಥ ಗ್ಯಾಸ್‌ಗಳನ್ನು ಹಂತಹಂತವಾಗಿ ಕಡಿಮೆ ಮಾಡುವ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲೇ ಒಪ್ಪಿಗೆ ಕೊಟ್ಟಿದೆ.

ಈ ಅಂದಾಜಿನ ಕೆಲಸದ ಹೊಣೆಯನ್ನೆಲ್ಲ ಮೆಕ್ಯಾನಿಕ್ ಹುಡುಗರ ತಲೆಗೆ ಕಟ್ಟುವುದು ಅನ್ಯಾಯ. ಒಂದು ಫಿಟ್ಟಿಂಗ್‌ಗೆ ಇಷ್ಟು ಎಂದು ಕೂಲಿ ನಿಗದಿಯಾದ ಮೇಲೆ, ಬಿಸಿಲಲ್ಲಿ ದಿನಕ್ಕೆ ನಾಲ್ಕು ಮನೆ ಮುಗಿಸಬೇಕಾದವರು ಪಂಪ್ ಓಡಿಸಿ ಕಾಯುವುದಾದರೂ ಹೇಗೆ? ಕೊರತೆ ನಿಯಮದಲ್ಲೂ ಇದೆ. ಮನೆಗೆ ಹೊಸ ವಿದ್ಯುತ್ ಸಂಪರ್ಕ ಬೇಕಾದರೆ ಪರವಾನಗಿ ಇರುವ ಗುತ್ತಿಗೆದಾರರ ಸಹಿ ಬೇಕು. ಅಮೆರಿಕದಲ್ಲಿ ಗ್ಯಾಸ್ ಮುಟ್ಟಲು ಸರ್ಕಾರದ ಸೆಕ್ಷನ್ 608 ಪ್ರಮಾಣಪತ್ರ ಇರಲೇಬೇಕು. ನಮ್ಮಲ್ಲಿ ಸ್ಪ್ಯಾನರ್ ಹಿಡಿದವರೆಲ್ಲ ತುಂಬಿಸಬಹುದು. 2019ರ ಭಾರತ ತಂಪು ಕ್ರಿಯಾಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟಿತ್ತು. ಆ ತರಬೇತಿ ತಾಲ್ಲೂಕು ಮಟ್ಟಕ್ಕೆ ಇಳಿಯಬೇಕು. ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ಕಾಡುತ್ತಿರುವ ಅರಂತೋಡು, ಸಂಪಾಜೆ ಕಡೆಯ ಮಕ್ಕಳಿಗೆ ಇದು ಊರಲ್ಲೇ ಉಳಿದು ಮಾಡಬಹುದಾದ ಒಳ್ಳೆಯ ಕಸುಬು. ಸುಳ್ಯ, ಪುತ್ತೂರಿನ ಐಟಿಐಗಳಲ್ಲಿ ಬೇಸಿಗೆಗೆ ಮೊದಲು ಒಂದು ವಾರದ ಶಿಬಿರ ನಡೆಯಲಿ. ಪಂಪ್, ಮೈಕ್ರಾನ್ ಗೇಜ್, ತಕ್ಕಡಿಯನ್ನು ಬಾಡಿಗೆಗೆ ಕೊಡುವ ಕೆಲಸವನ್ನು ಸಹಕಾರಿ ಸಂಘಗಳೂ ಮಾಡಬಹುದು.

ಅಲ್ಲಿಯ ತನಕ ಮನೆಯವರ ಕೈಯಲ್ಲೂ ಒಂದು ಅಧಿಕಾರ ಇದೆ. ಎಸಿ ಖರೀದಿಸುವಾಗಲೇ ಅಂಗಡಿಯವರ ಹತ್ತಿರ ವ್ಯಾಕ್ಯೂಮ್ ಮಾಡುತ್ತೀರಾ ಎಂದು ಕೇಳಿ, ಅದಕ್ಕೆ ಬೇಕಾದರೆ ಕೆಲವು ನೂರು ರೂಪಾಯಿ ಹೆಚ್ಚು ಕೊಡಲಿ. ಎಷ್ಟು ಮೈಕ್ರಾನ್‌ಗೆ ಇಳಿಯಿತು, ಎಷ್ಟು ಗ್ರಾಂ ಸೇರಿಸಲಾಯಿತು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡ ಮೇಲೆಯೇ ಸಹಿ ಹಾಕಲಿ.