ಪರಸ್ಪರ ಜಾಮೀನು: ಪ್ರೋಗ್ರಾಮುಗಳ ಒಂದು ಗುಪ್ತ ದೋಷ

ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಪ್ರತಿದಿನ ಬೆಳಿಗ್ಗೆ ಮಳೆಮಾಪಕವನ್ನು ನೋಡಿ, ಬಿದ್ದ ಮಳೆಯನ್ನು ಇಂಚು ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುವ ಪದ್ಧತಿಯುಂಟು. ಇಂಚಿನ ನೂರನೆಯ ಒಂದು ಭಾಗವೇ ಸೆಂಟು. ಹೂಮಳೆ ಎಂದು ಬಿತ್ತು, ಎಷ್ಟು ಬಿತ್ತು ಎಂಬುದನ್ನು ಅವಲಂಬಿಸಿ ಆ ವರ್ಷದ ಫಸಲು ನಿಂತಿರುವುದರಿಂದ ಈ ಲೆಕ್ಕವನ್ನು ಯಾರೂ ಹಗುರವಾಗಿ ಎಣಿಸುವುದಿಲ್ಲ. ಈಗ ಈ ಕೆಲಸವನ್ನು ಯಂತ್ರಗಳೂ ಮಾಡುತ್ತಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತಾವಾಗಿಯೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ಥಾಪಿಸಿದೆ. ಅವನ್ನು ಕಂಡ ಕುಂದೂರು ಕಡೆಯ ವಿದ್ಯಾರ್ಥಿಗಳು ಅಂಥದೊಂದನ್ನು ತಾವೇ ಪ್ರಾಜೆಕ್ಟಿಗಾಗಿ ಕಟ್ಟಲು ಹೊರಡುವುದು ಸಹಜವೇ ಆಗಿದೆ. ನೀರು ತುಂಬಿದಾಗಲೆಲ್ಲ ವಾಲುವ ಪುಟ್ಟ ಬಟ್ಟಲು, ಅಂಗೈಯಗಲದ ಒಂದು ಗಣಕಯಂತ್ರ, ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಇನ್ನೂರು ಸಾಲಿನ ಒಂದು ಪ್ರೋಗ್ರಾಮು. ಇಷ್ಟಾದರೆ ಉಪಕರಣ ಸಿದ್ಧ. ಪರೀಕ್ಷಕರು ಬಂದು ನೀರು ಹೊಯ್ಯುತ್ತಾರೆ. ಪರದೆಯ ಮೇಲೆ ಸರಿಯಾದ ಅಂಕಿ ಮೂಡುತ್ತದೆ. ಪೂರ್ಣಾಂಕ ದೊರೆಯುತ್ತದೆ.

ನನ್ನ ಆಕ್ಷೇಪವಿರುವುದು ಈ ಪೂರ್ಣಾಂಕದ ಬಗೆಗೆ. ಕಾಲು ಗಂಟೆ ಸರಿಯಾಗಿ ನಡೆದ ಪ್ರೋಗ್ರಾಮು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಗಲಿರುಳು ನಡೆದೀತೆನ್ನಲು ಆ ಒಂದು ಅಂಕಿಯಲ್ಲಿ ಯಾವ ಆಧಾರವೂ ಇಲ್ಲ. ಏಕೆಂಬುದನ್ನು ಸ್ವಲ್ಪ ವಿವರಿಸಬೇಕು.

ಪ್ರೋಗ್ರಾಮು ನಡೆಯುತ್ತಿರುವಾಗ ತನಗೆ ಬೇಕಾದ ವಸ್ತುಗಳನ್ನು ಯಂತ್ರದ ಮೆಮೊರಿಯಲ್ಲಿ ನಿರ್ಮಿಸಿಕೊಳ್ಳುತ್ತ ಹೋಗುತ್ತದೆ. ನಮ್ಮ ಮಳೆಮಾಪಕದಲ್ಲಿ ಪ್ರತಿ ನಿಮಿಷಕ್ಕೂ ಒಂದು ‘ಅಳತೆ’, ಒಂದು ‘ವರದಿ’ ಹುಟ್ಟುತ್ತವೆಯೆನ್ನೋಣ. ಕೆಲಸ ತೀರಿದ ಮೇಲೆ ಅವು ಹಿಡಿದಿದ್ದ ಜಾಗ ಹಿಂದಕ್ಕೆ ಬರಬೇಕಷ್ಟೆ. ಆದರೆ ಕೆಲಸ ತೀರಿತೆಂದು ತಿಳಿಯುವುದು ಹೇಗೆ? 1960ರಲ್ಲಿ ಜಾರ್ಜ್ ಕಾಲಿನ್ಸ್ ಎಂಬವರು ಒಂದು ಸುಲಭೋಪಾಯವನ್ನು ಪ್ರಕಟಿಸಿದರು. ಪ್ರತಿಯೊಂದು ವಸ್ತುವಿನ ಪಕ್ಕದಲ್ಲಿ ಒಂದು ಎಣಿಕೆಯಿರಲಿ. ಅದನ್ನು ಎಷ್ಟು ಕಡೆಯಿಂದ ಉಲ್ಲೇಖಿಸಲಾಗಿದೆಯೋ ಎಣಿಕೆ ಅಷ್ಟಿರಲಿ. ಉಲ್ಲೇಖವೊಂದು ಹೋದಾಗ ಒಂದು ಕಳೆಯಲಿ. ಸೊನ್ನೆಯಾದೊಡನೆ ವಸ್ತುವನ್ನು ಅಳಿಸಿಬಿಡಲಿ. ಸರಳವೂ ಸುಂದರವೂ ಆದ ಉಪಾಯ. ಆದರೆ ಅದರಲ್ಲಿ ಒಂದು ಬಿರುಕಿದೆಯೆಂದು 1963ರಲ್ಲಿ ಹೆರಾಲ್ಡ್ ಮೆಕ್‌ಬೆತ್ ಎಂಬವರು ಅದೇ ಪತ್ರಿಕೆಗೆ ಬರೆದ ಚಿಕ್ಕ ಪತ್ರವೊಂದರಲ್ಲಿ ತೋರಿಸಿಕೊಟ್ಟರು.

ಆ ಬಿರುಕನ್ನು ತಿಳಿಯಲು ಹಳ್ಳಿಯ ಸಹಕಾರ ಸಂಘವೊಂದನ್ನು ಊಹಿಸಿಕೊಳ್ಳಿ. ಒಬ್ಬ ಸದಸ್ಯನಿಗೆ ಜಾಮೀನುದಾರನಿರುವವರೆಗೆ ಅವನ ಖಾತೆಯನ್ನು ಮುಚ್ಚಬಾರದೆಂದು ಅಲ್ಲಿನ ನಿಯಮ. ರಾಮಣ್ಣನಿಗೆ ಭೀಮಣ್ಣ ಜಾಮೀನು, ಭೀಮಣ್ಣನಿಗೆ ರಾಮಣ್ಣ ಜಾಮೀನು. ಇಬ್ಬರೂ ಊರು ಬಿಟ್ಟು ಎಷ್ಟೋ ಕಾಲವಾಯಿತು. ಅವರನ್ನು ಕೇಳುವವರು ಯಾರೂ ಇಲ್ಲ. ಆದರೂ ಗುಮಾಸ್ತ ಯಾವ ಪುಟ ತೆರೆದರೂ ‘ಜಾಮೀನು: ಒಂದು’ ಎಂದೇ ಇರುತ್ತದೆ. ಖಾತೆಗಳೆರಡೂ ಶಾಶ್ವತ! ನಮ್ಮ ಪ್ರೋಗ್ರಾಮಿನಲ್ಲಿಯೂ ಹೀಗೆಯೇ. ವರದಿಯು ತನ್ನ ಅಳತೆಯನ್ನು ಹಿಡಿದಿದೆ; ತಾನು ಯಾವ ವರದಿಗೆ ಸೇರಿದ್ದೆಂದು ತಿಳಿಯಲು ಅಳತೆಯು ವರದಿಯನ್ನು ಹಿಡಿದಿದೆ. ಸುದ್ದಿ ಕಳುಹಿಸಿಯಾದ ಮೇಲೆ ಪ್ರೋಗ್ರಾಮು ಎರಡನ್ನೂ ಕೈಬಿಡುತ್ತದೆ. ಆದರೆ ಎರಡರ ಎಣಿಕೆಯೂ ಒಂದರಲ್ಲಿಯೇ ನಿಂತುಬಿಡುತ್ತದೆ, ಸೊನ್ನೆಗೆ ಇಳಿಯುವುದೇ ಇಲ್ಲ. ಸಿ ಪ್ಲಸ್ ಪ್ಲಸ್ ಭಾಷೆಗೆ 2011ರ ನಿರ್ಣಯದಲ್ಲಿ ಸೇರಿದ ‘ಶೇರ್ಡ್ ಪಾಯಿಂಟರ್’ ಎಂಬುದು ಎಣಿಕೆಯ ಉಪಾಯವನ್ನೇ ಅನುಸರಿಸುವುದರಿಂದ, ಅದನ್ನು ಬಳಸುವವರೆಲ್ಲ ಈ ಬಿರುಕಿಗೂ ಬಾಧ್ಯರು.

ಈಗ ಲೆಕ್ಕ ಹಾಕಿ ನೋಡೋಣ. ಪ್ರತಿ ನಿಮಿಷಕ್ಕೆ ಉಳಿದುಹೋಗುವ ಜಾಗ 2 ಕಿಲೋಬೈಟ್ ಮಾತ್ರವೆಂದು ಇಟ್ಟುಕೊಳ್ಳಿ. ಪರೀಕ್ಷಕರ ಕಾಲು ಗಂಟೆಯಲ್ಲಿ ಸೋರಿದ್ದು 30 ಕಿಲೋಬೈಟ್. ಅದನ್ನು ಯಾರು ಕಾಣಬೇಕು? ದಿನಕ್ಕೆ 1,440 ನಿಮಿಷಗಳಾದ್ದರಿಂದ ಒಂದು ದಿನದಲ್ಲಿ ಸುಮಾರು 2.9 ಮೆಗಾಬೈಟ್. ಮಳೆಗಾಲದ ನಾಲ್ಕು ತಿಂಗಳ 122 ದಿನಗಳಲ್ಲಿ ಸುಮಾರು 350. ಯಂತ್ರದ ಒಟ್ಟು ಮೆಮೊರಿ 512 ಮೆಗಾಬೈಟ್ ಇದ್ದು, ಅದರಲ್ಲಿ ಒಂದು ಪಾಲನ್ನು ಕಾರ್ಯಾಚರಣ ವ್ಯವಸ್ಥೆಯೇ ಬಳಸಿಕೊಂಡಿದ್ದರೆ, ಉಪಕರಣವು ಮಳೆಯ ಲೆಕ್ಕ ಪೂರ್ಣವಾಗುವ ಮೊದಲೇ ಒಂದು ರಾತ್ರಿ ಮೌನವಾಗಬಹುದು. ಮಲೆನಾಡಿನಲ್ಲಿ ಇದಕ್ಕೊಂದು ವಿಚಿತ್ರ ಸೇರ್ಪಡೆಯೂ ಉಂಟು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಹೊಸದಾಗಿ ಆರಂಭವಾಗಿ ಮೆಮೊರಿ ಬರಿದಾಗುವುದರಿಂದ, ದೋಷವಿರುವ ಪ್ರೋಗ್ರಾಮು ಕೂಡ ಚೆನ್ನಾಗಿಯೇ ನಡೆಯುತ್ತಿರುವಂತೆ ತೋರುತ್ತದೆ. ಒಳ್ಳೆಯ ಬ್ಯಾಟರಿಯನ್ನೂ ಸೌರಫಲಕವನ್ನೂ ಜೋಡಿಸಿದ ವರ್ಷವೇ ಅದು ಕೆಡುತ್ತದೆ. ಆಗ ಎಲ್ಲರೂ ಬ್ಯಾಟರಿಯನ್ನು ಬೈಯುತ್ತಾರೆ.

ಇದನ್ನು ಪರೀಕ್ಷಿಸಲು ನಾಲ್ಕು ತಿಂಗಳು ಕಾಯಬೇಕಾದ್ದಿಲ್ಲ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ದಿನವೂ ಮಾಡುವುದನ್ನೇ ಇಲ್ಲಿಯೂ ಮಾಡಬಹುದು. ವಸ್ತು ಹುಟ್ಟಿದಾಗ ಒಂದು ಕೂಡಿಸುವ, ಅಳಿದಾಗ ಒಂದು ಕಳೆಯುವ ಲೆಕ್ಕವೊಂದನ್ನು ಪ್ರೋಗ್ರಾಮಿನಲ್ಲಿಯೇ ಇಡಿ. ಜನನ ಮರಣಗಳ ನೋಂದಣಿಯೆನ್ನಿ. ನಡುವೆ ಕಾಯುವ ನಿಮಿಷವನ್ನು ತೆಗೆದುಹಾಕಿ, ಒಂದು ನಿಮಿಷದ ಕೆಲಸವನ್ನು 1,000 ಸಲ, 2,000 ಸಲ, ಹೀಗೆ 10,000 ಸಲದವರೆಗೆ ಒಂದೇ ಸಮನೆ ಮಾಡಿಸಿ. 10,000 ಸಲವೆಂದರೆ ಸುಮಾರು ಏಳು ದಿನಗಳ ಕೆಲಸ. ಯಂತ್ರಕ್ಕೆ ಅದು ಬಹು ಸ್ವಲ್ಪ ಹೊತ್ತಿನ ಮಾತು. ಆವರ್ತನೆಗಳ ಸಂಖ್ಯೆಯನ್ನು ಅಡ್ಡ ಅಕ್ಷದಲ್ಲಿಯೂ ಉಳಿದ ವಸ್ತುಗಳ ಸಂಖ್ಯೆಯನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿ ರೇಖೆಯೆಳೆಯಿರಿ. ರೇಖೆ ಸಮತಲವಾಗಿದ್ದರೆ ಸೋರಿಕೆಯಿಲ್ಲ. ನಮ್ಮ ಉದಾಹರಣೆಯಲ್ಲಿ ಅದು ಏರುತ್ತದೆ. ಅದರ ಇಳಿಜಾರು ಸರಿಯಾಗಿ ಎರಡು. ಪ್ರತಿ ಸಲವೂ ಎರಡು ವಸ್ತುಗಳು ಉಳಿಯುತ್ತಿವೆಯೆಂದು ರೇಖೆಯೇ ಹೇಳಿತು. ಯಾವ ಜೋಡಿಯೆಂಬುದನ್ನು ಹುಡುಕುವುದು ಮಾತ್ರ ಬಾಕಿ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಕಾರ್ಯಾಚರಣ ವ್ಯವಸ್ಥೆ ತೋರಿಸುವ ಮೆಮೊರಿಯ ಅಂಕಿಯೊಂದನ್ನೇ ನಂಬಬಾರದು. ಬಿಡುಗಡೆಯಾದ ಜಾಗವನ್ನು ಪ್ರೋಗ್ರಾಮು ಮುಂದಿನ ಉಪಯೋಗಕ್ಕೆಂದು ತನ್ನಲ್ಲಿಯೇ ಇರಿಸಿಕೊಳ್ಳುವುದುಂಟು, ಆಗ ಸೋರಿಕೆಯಿಲ್ಲದಿದ್ದರೂ ಆ ಅಂಕಿ ಇಳಿಯುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಪರೀಕ್ಷೆಯನ್ನೇ ಮೊದಲು ಪರೀಕ್ಷಿಸಬೇಕು. ಬೇಕೆಂದೇ ಒಂದು ಚಕ್ರವನ್ನು ಪ್ರೋಗ್ರಾಮಿನಲ್ಲಿ ಸೇರಿಸಿ, ರೇಖೆ ಏರುವುದೋ ಇಲ್ಲವೋ ನೋಡಬೇಕು. ತಿಳಿದ ತೂಕವನ್ನಿಟ್ಟು ತಕ್ಕಡಿಯನ್ನು ಒರೆಹಚ್ಚದೆ ತೂಗುವವನ ಮಾತನ್ನು ನಾವು ಒಪ್ಪುವುದಿಲ್ಲ.

ಮೆಮೊರಿ ಅಗ್ಗವಾಗಿದೆ, ದಿನಕ್ಕೊಮ್ಮೆ ಯಂತ್ರವನ್ನು ಆರಿಸಿ ಹೊತ್ತಿಸಿದರಾಯಿತು ಎನ್ನುವವರಿದ್ದಾರೆ. ತುರ್ತಿಗೆ ಅದು ತಪ್ಪಲ್ಲ. ಆದರೆ ವಿದ್ಯಾರ್ಥಿಗೆ ಅದನ್ನೇ ಮೊದಲ ಪಾಠವಾಗಿ ಕಲಿಸುವುದು ಅನ್ಯಾಯ. ಇನ್ನು ಕೆಲವರು ಪೈಥಾನ್ ಭಾಷೆಯನ್ನು ಮುಂದೊಡ್ಡುತ್ತಾರೆ. ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಪುಸ್ತಕದಲ್ಲಿರುವುದು ಆ ಭಾಷೆಯೇ ಆದ್ದರಿಂದ ಈ ವಾದಕ್ಕೆ ಉತ್ತರ ಹೇಳಬೇಕು. ಪ್ರಚಲಿತ ಪೈಥಾನ್ ಎಣಿಕೆಯ ಉಪಾಯವನ್ನೇ ಬಳಸುತ್ತದೆ; 2000ದಲ್ಲಿ ಬಂದ 2.0 ಆವೃತ್ತಿಯಿಂದೀಚೆಗೆ ಚಕ್ರಗಳನ್ನು ಹುಡುಕಿ ಗುಡಿಸುವ ಒಂದು ವ್ಯವಸ್ಥೆಯೂ ಅದರಲ್ಲಿದೆ. ಆದರೆ ಅಳಿಯುವ ಮುನ್ನ ಮಾಡಬೇಕಾದ ಕೆಲಸವನ್ನು ತಾನೇ ಹೇಳಿಕೊಂಡ ವಸ್ತುವು ಚಕ್ರದಲ್ಲಿ ಸಿಕ್ಕಿಕೊಂಡರೆ, 2014ರ 3.4 ಆವೃತ್ತಿ ಬರುವವರೆಗೆ ಆ ವ್ಯವಸ್ಥೆ ಅದನ್ನು ಮುಟ್ಟುತ್ತಿರಲಿಲ್ಲ. ಗುಡಿಸುವ ಹೊತ್ತೂ ನಮ್ಮ ಕೈಯಲ್ಲಿಲ್ಲ. ವೇಗಕ್ಕಾಗಿ ಅದನ್ನು ನಿಲ್ಲಿಸಿಡುವ ಪ್ರೋಗ್ರಾಮುಗಳೂ ಇವೆ.

ಆದಕಾರಣ ನನ್ನ ಸಲಹೆ ಇಷ್ಟು. ದೀರ್ಘಕಾಲ ನಡೆಯಬೇಕಾದ ಪ್ರತಿ ಪ್ರಾಜೆಕ್ಟಿನ ದಾಖಲೆ ಪುಸ್ತಕದಲ್ಲಿಯೂ ಮೇಲೆ ಹೇಳಿದ ರೇಖೆ ಒಂದಿರಬೇಕು, ಅದಕ್ಕೆ ಪ್ರತ್ಯೇಕ ಅಂಕಗಳಿರಬೇಕು. ಪೈಥಾನ್ ಕಲಿಯುವವರು ಇನ್ನೂ ಸುಲಭವಾಗಿ ಆರಂಭಿಸಬಹುದು. ಗುಡಿಸುವ ವ್ಯವಸ್ಥೆಯನ್ನು ‘ಜಿಸಿ’ ಎಂಬ ಘಟಕದ ಮೂಲಕ ನಿಲ್ಲಿಸಿ. ಒಂದು ವಸ್ತುವನ್ನು ನಿರ್ಮಿಸಿ, ಎಣಿಕೆಗೆ ಸೇರದ ‘ವೀಕ್ ರೆಫರೆನ್ಸ್’, ಎಂದರೆ ದುರ್ಬಲ ಉಲ್ಲೇಖ, ಒಂದನ್ನು ಅದಕ್ಕೆ ಕಟ್ಟಿ. ಬಳಿಕ ವಸ್ತುವನ್ನು ಕೈಬಿಡಿ. ದುರ್ಬಲ ಉಲ್ಲೇಖವನ್ನು ಕೇಳಿದಾಗ ‘ನನ್’ ಎಂಬ ಉತ್ತರ ಬಂದರೆ ವಸ್ತು ಅಳಿದಿದೆ. ವಸ್ತುವೇ ಮರಳಿ ಬಂದರೆ, ಇನ್ನೂ ಯಾರೋ ಅದಕ್ಕೆ ಜಾಮೀನು ನಿಂತಿದ್ದಾರೆ. ಗುಡಿಸುವ ವ್ಯವಸ್ಥೆಯನ್ನು ಒಮ್ಮೆ ನಡೆಸಿದ ಮೇಲೆ ಅದು ಮಾಯವಾದರೆ, ಆ ಜಾಮೀನು ಚಕ್ರದ್ದೇ. ಅಳತೆಯು ವರದಿಯ ಕಡೆಗೆ ಹಿಡಿದಿರುವ ಉಲ್ಲೇಖವನ್ನು ದುರ್ಬಲವಾಗಿಸಿ, ಮತ್ತೆ ಮೊದಲಿನಿಂದ ಪರೀಕ್ಷಿಸಿ.