1,440 ಬಿಡಿ, ಗಿಡ ನೋಡಿ

ಜರೀಗಿಡ ಸರಣಿ, ಕಂತು 4

ಅತಿ ಹೆಚ್ಚು ಕ್ರೋಮೋಸೋಮ್ ಇರೋ ಸಸ್ಯ ಯಾವುದು? ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್. ಎಷ್ಟು? 1,440ರ ತನಕ. ನಮ್ಮದು? 46. ಕ್ವಿಜ್‌ಗೆ ಓದೋರಿಗೆಲ್ಲ ಇದು ಬಾಯಿಪಾಠ, ತಕ್ಷಣ ಮುಂದಿನ ಪ್ರಶ್ನೆಗೆ ಹೋಗಿಬಿಡ್ತೀರಿ. ನನ್ನ ತಕರಾರು ಅಲ್ಲೇ ಇರೋದು. ಇಷ್ಟು ವಿಚಿತ್ರವಾದ ಗಿಡವನ್ನ ಒಂದು ಅಂಕಿ ಮಾಡಿ ಮುಗಿಸಿಬಿಟ್ಟಿದ್ದೀವಿ.

ಆ ಅಂಕಿಯಾದ್ರೂ ಏನು ಹೇಳುತ್ತೆ? ಈ ಕುಲದ ಮೂಲಸಂಖ್ಯೆ 120. ಅದೇ ಗುಂಪಿನ ಹನ್ನೆರಡು ಪ್ರತಿ ಸೇರಿದ್ರೆ 1,440. ಒಂದೇ ನೋಟ್ಸ್‌ನ ಹನ್ನೆರಡು ಜೆರಾಕ್ಸ್ ಇಟ್ಕೊಂಡ್ರೆ ಹನ್ನೆರಡು ಪಟ್ಟು ಓದಿದ ಹಾಗಾಗುತ್ತಾ? ಹಾಗಾಗಿ "ಮನುಷ್ಯನಿಗಿಂತ ಮುಂದುವರಿದ ಗಿಡ" ಅನ್ನೋ ರೀಲ್ ನೋಡಿದ್ರೆ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.

ಈಗ ಗಿಡ ನೋಡಿ. ಜರೀಗಿಡದ ಚಿಗುರು ಅಂದ್ರೆ ಚಕ್ಕುಲಿ ಥರ ಸುತ್ಕೊಂಡಿರಬೇಕು ಅಂತ ತಾನೇ ನಾವು ಕಲಿತದ್ದು? ಇದರದ್ದು ಸುತ್ಕೊಳ್ಳೋದೇ ಇಲ್ಲ. ಎಷ್ಟೋ ಪ್ರಭೇದಗಳಲ್ಲಿ ಒಂದು ಸಲಕ್ಕೆ ಒಂದೇ ಎಲೆ, ಅದೂ ಸೀಳಿಲ್ಲದ ಸಾದಾ ಎಲೆ. ಅದರ ಬುಡದಿಂದ ಒಂದು ಕಡ್ಡಿ ಎದ್ದು ನಿಲ್ಲುತ್ತೆ. ಕಡ್ಡಿಯ ಎರಡೂ ಬದಿ ಬೀಜಕದ ಚೀಲಗಳು ಜಿಪ್ ಹಲ್ಲಿನ ಹಾಗೆ ಸಾಲಾಗಿ ಹುದುಗಿರ್ತವೆ. ಹಾವಿನ ನಾಲಿಗೆ ಅನ್ನೋ ಹೆಸರು ಬಂದಿದ್ದು ಈ ಕಡ್ಡಿಯಿಂದ (ಸೀಳು ನಾಲಿಗೆ ಹುಡುಕ್ಬೇಡಿ, ಸಿಗಲ್ಲ). ಬೇರಿಗೆ ಬೇರುರೋಮ ಇಲ್ಲ, ಒಳಗೆ ಶಿಲೀಂಧ್ರ ಇದೆ. ಪಠ್ಯದಲ್ಲಿ ನಾವು ಬಿಡಿಸೋ ಹೃದಯಾಕಾರದ ಹಸಿರು ಪ್ರೋಥ್ಯಾಲಸ್ ಇದೆಯಲ್ಲ, ಇದರಲ್ಲಿ ಅದು ಹಸಿರೇ ಅಲ್ಲ. ಮಣ್ಣೊಳಗೆ ಬಿಸಿಲೇ ಕಾಣದೆ, ಶಿಲೀಂಧ್ರ ಕೊಟ್ಟಿದ್ದನ್ನ ತಿಂದು ಬದುಕುತ್ತೆ.

ಇದನ್ನ ಎಲ್ಲಿಗೆ ಸೇರಿಸೋದು? 1753ರಲ್ಲಿ ಲಿನೇಯಸ್ ಹೆಸರಿಟ್ಟ ಕುಲ ಇದು. ಡಿಎನ್ಎ ಓದಿದ ಮೇಲೆ ಸಿಕ್ಕ ಹತ್ತಿರದ ನೆಂಟ ಯಾರು ಗೊತ್ತಾ? ಬೇರೂ ಇಲ್ಲದ, ನೆಟ್ಟಗೆ ಎಲೆಯೂ ಇಲ್ಲದ ಸೈಲೋಟಮ್. 2016ರ ವರ್ಗೀಕರಣದಲ್ಲಿ ಎರಡೂ ಒಂದೇ ಉಪವರ್ಗದಲ್ಲಿವೆ. ನೋಡಿದ್ರೆ ಯಾರೂ ನಂಬಲ್ಲ. ರೂಪ ನೋಡಿ ನೆಂಟಸ್ತಿಕೆ ಹೇಳೋ ಪಾಠವನ್ನ ನಮ್ಮ ಪಠ್ಯಗಳು ಇನ್ನೂ ಎಷ್ಟು ದಿನ ಎಳೀತಾವೋ.

ಇದನ್ನೆಲ್ಲ ಈಗ್ಯಾಕೆ ಹೇಳ್ತಿದ್ದೀನಿ ಅಂದ್ರೆ, ಮಳೆ ಶುರುವಾದ್ರೆ ಪಶ್ಚಿಮ ಘಟ್ಟದ, ಕರಾವಳಿಯ ಮುರಕಲ್ಲಿನ ಬಯಲಲ್ಲಿ ಈ ಕುಲದ ಗಿಡಗಳು ಹುಲ್ಲಿನ ಮಧ್ಯೆ ತಲೆ ಎತ್ತುತ್ತವೆ. ಬೆರಳುದ್ದ ಇದ್ರೆ ಹೆಚ್ಚು. ನಾವು ಅದೇ ಬಯಲಿಗೆ "ಬರೀ ಬಂಜರು" ಅಂತ ಬೈಕ್ ಹತ್ತಿಸಿ, ಮಂಜಿನ ರೀಲ್ ಮಾಡಿ ಬರ್ತೀವಿ. ಒಂದೇ ಎಲೆ ಇರೋ ಗಿಡದ ಆ ಎಲೆಯೇ ಚಕ್ರದಡಿ ಹೋದ್ರೆ ಆ ವರ್ಷದ ಬೀಜಕಗಳೂ ಹೋದ ಹಾಗೆ. ಗಾಡಿ ರಸ್ತೆಯಲ್ಲೇ ಬಿಡಿ. ಮಂಡಿಯೂರಿ ಹುಡುಕಿ, ಫೋಟೋ ತೆಗೀರಿ, ಕೀಳ್ಬೇಡಿ.

ಮುಂದಿನ ಕಂತು: ಸೈಲೋಟಮ್.

#ಜರೀಗಿಡ #ಹಾವಿನನಾಲಿಗೆ #ಮುರಕಲ್ಲುಬಯಲು